ಗೋಕರ್ಣದ ಅಪರಕರ್ಮ ಸೇವೆ: ವ್ಯವಸ್ಥೆಗೆ ನಾಲ್ಕು ನಕ್ಷತ್ರ, ನ್ಯಾಯಕ್ಕೆ ಎರಡು

ಸತ್ತವರ ಕಾರ್ಯಕ್ಕೆಂದು ಗೋಕರ್ಣಕ್ಕೆ ಬರುವವರಿಗೆ ಈಗ ಓಡಾಟ ಕಡಿಮೆ. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬಂದರೂ ಸರಿ, ಗೋಕರ್ಣ ರೋಡ್ ನಿಲ್ದಾಣದಲ್ಲಿ ರೈಲಿಳಿದು ರಿಕ್ಷಾ ಹಿಡಿದರೂ ಸರಿ, ಫೋನಿನಲ್ಲಿ ಮೊದಲೇ ಮಾತಾಡಿಟ್ಟರೆ ಭಟ್ಟರ ಮನೆಯಲ್ಲಿ ದರ್ಭೆ, ಎಳ್ಳು, ಬಾಳೆಎಲೆ, ಅಡುಗೆ, ಉಳಿಯಲು ಕೋಣೆ ಎಲ್ಲ ಸಿದ್ಧವಿರುತ್ತದೆ. ಅಸ್ಥಿ ಬಿಡುವುದರಿಂದ ವೈಕುಂಠ ಸಮಾರಾಧನೆಯವರೆಗೆ ಒಂದೇ ಕಡೆ ಮುಗಿಸಿಕೊಂಡು ಹೋಗಬಹುದು. ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಮನೆಯನ್ನಲ್ಲ, ಒಟ್ಟು ಸೇವೆಯನ್ನು. ಕೈಕೆಲಸ ಹೇಗಿದೆ, ಅದರ ಜೊತೆಗೆ ಪರಲೋಕದ ಬಗ್ಗೆ ಬರುವ ಮಾತು ಎಷ್ಟು ಗಟ್ಟಿ ಎಂಬುದು ಪ್ರಶ್ನೆ.

ಕೈಕೆಲಸದ ಬಗ್ಗೆ ದೊಡ್ಡ ದೂರಿಲ್ಲ. ಜನಿವಾರ ಅಥವಾ ಉತ್ತರೀಯ ಬಲ ಹೆಗಲಿಗೆ, ಮುಖ ದಕ್ಷಿಣಕ್ಕೆ, ಎಳ್ಳುನೀರು ಹೆಬ್ಬೆರಳು ತೋರುಬೆರಳ ನಡುವಿನಿಂದ. ಬೆರಳಿಗೆ ಹಾಕುವ ದರ್ಭೆಯ ಉಂಗುರ, ಅಂದರೆ ಪವಿತ್ರ, ಪ್ರೇತಕಾರ್ಯಕ್ಕೆ ಒಂದೆಳೆಯದು, ಶ್ರಾದ್ಧಕ್ಕೆ ಮೂರೆಳೆಯದು. ಏನೂ ಗೊತ್ತಿಲ್ಲದವರಿಗೂ ಇವನ್ನೆಲ್ಲ ಹೇಳಿಕೊಟ್ಟು ಮಾಡಿಸುತ್ತಾರೆ. ಎಡವಟ್ಟಾಗುವುದು ಅನ್ನದಲ್ಲಿ. ಮನೆಯಿಂದ ಅಕ್ಕಿ ತರುವವರು ಕುಚ್ಚಲಕ್ಕಿ ತಂದುಬಿಡುತ್ತಾರೆ. ಅದರ ಅಗುಳು ಒಂದಕ್ಕೊಂದು ಕಚ್ಚುವುದಿಲ್ಲ, ಪಿಂಡ ಎಲೆಯ ಮೇಲೇ ಬಿರಿಯುತ್ತದೆ. ಬೆಳ್ತಿಗೆ ಅಕ್ಕಿಯೇ ಬೇಕು. ಹತ್ತು ಪಿಂಡಕ್ಕೆ ಕಾಲು ಕೆಜಿ ಸಾಕು, ಒಂದಳತೆ ಅಕ್ಕಿಗೆ ಎರಡಳತೆ ನೀರು. ಬಿಸಿಯಲ್ಲೇ ಉಂಡೆ ಕಟ್ಟಲು ಹೋದರೆ ಕೈಗೆ ಅಂಟುತ್ತದೆ, ಪೂರ್ತಿ ಆರಿದರೆ ಒಡೆಯುತ್ತದೆ. ಉಗುರುಬೆಚ್ಚಗಿರುವಾಗ ತುಪ್ಪ, ಎಳ್ಳು ಸೇರಿಸಿ ದೊಡ್ಡ ನಿಂಬೆಹಣ್ಣಿನಷ್ಟಕ್ಕೆ ಕಟ್ಟಬೇಕು.

ಅಸ್ಥಿಯನ್ನು ಸಮುದ್ರಕ್ಕೆ ಬಿಡುವವರು ಪಂಚಾಂಗದ ಜೊತೆ ನೀರನ್ನೂ ನೋಡಿಕೊಳ್ಳಲಿ. ಭರತದ, ಅಂದರೆ ಉಬ್ಬರದ, ಹೊತ್ತಿಗೆ ಬಿಟ್ಟರೆ ಅಲೆ ಎಲ್ಲವನ್ನೂ ಕಾಲಬುಡಕ್ಕೆ ತಂದು ಹಾಕುತ್ತದೆ. ಇಳಿತ ಶುರುವಾದ ಮೇಲೆ ಬಿಟ್ಟರೆ ನೀರೇ ಒಯ್ಯುತ್ತದೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುವುದರಿಂದ ನಿನ್ನೆ ಯಾರೋ ಹೇಳಿದ ಸಮಯ ಇಂದು ನಡೆಯುವುದಿಲ್ಲ. ಮೀನುಗಾರರನ್ನು ಕೇಳಿ, ಭಟ್ಟರಿಗಿಂತ ಅವರ ಲೆಕ್ಕ ಪಕ್ಕಾ. ಮಳೆಗಾಲದಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಕೋಟಿತೀರ್ಥ ಕೆರೆಯ ಮೆಟ್ಟಿಲ ಮೇಲೂ ಹುಷಾರು, ಒದ್ದೆ ಪಂಚೆ ಉಟ್ಟು ಪಾಚಿಯ ಮೇಲೆ ಕಾಲಿಟ್ಟರೆ ಬೀಳುವುದು ಖಂಡಿತ.

ಕಾಗೆ ಪಿಂಡ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂಬ ಮಾತು ಬರುತ್ತದೆ, ಅದರ ಹಿಂದೆಯೇ ಇನ್ನೊಂದು ದಾನದ ಸಲಹೆಯೂ. ಬೆಳಗಿನಿಂದ ಹತ್ತು ಮನೆಯವರ ಪಿಂಡ ತಿಂದ ಕಾಗೆ ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಬರಲಿಲ್ಲವೆಂದರೆ ಅದಕ್ಕೆ ಹೊಟ್ಟೆ ತುಂಬಿದೆ ಎಂದಷ್ಟೇ ಅರ್ಥ. ಆಕಳಿಗೆ ಕೊಡಬಹುದು, ನೀರಿಗೆ ಬಿಡಬಹುದು. ಎರಡಕ್ಕೂ ಶಾಸ್ತ್ರದ ಒಪ್ಪಿಗೆ ಇದೆ.

ಇನ್ನು ಆ ಹತ್ತು ಪಿಂಡಗಳ ಹಿಂದಿನ ತರ್ಕಕ್ಕೆ ಬರೋಣ. ಗರುಡಪುರಾಣದ ಪ್ರಕಾರ ದಿನಕ್ಕೊಂದು ಪಿಂಡದಿಂದ ಪ್ರೇತಕ್ಕೆ ಕೈಯುದ್ದದ ದೇಹವೊಂದು ಕಟ್ಟಿಕೊಳ್ಳುತ್ತದೆ. ಮೊದಲ ದಿನ ತಲೆ, ಎರಡನೆಯ ದಿನ ಕೊರಳು ಮತ್ತು ಹೆಗಲು, ಹೀಗೆ ಇಳಿಯುತ್ತ ಆರನೆಯ ದಿನ ಸೊಂಟ ಮತ್ತು ಗುಹ್ಯಾಂಗ, ಹತ್ತನೆಯ ದಿನ ಹಸಿವು ಬಾಯಾರಿಕೆ. ಅಂದರೆ ಸತ್ತ ಮೇಲೂ ಲಿಂಗ ಹೋಗುವುದಿಲ್ಲ, ಮಗನೇ ಅನ್ನದ ಉಂಡೆಯಿಂದ ಅದನ್ನು ಮತ್ತೆ ಕೂಡಿಸುತ್ತಾನೆ. ಈ ದೇಹ ಯಾತಕ್ಕೆ? 86,000 ಯೋಜನದ ಯಮಮಾರ್ಗವನ್ನು, ನಡುವಿನ 16 ಪಟ್ಟಣಗಳನ್ನು ದಾಟಿ ಶಿಕ್ಷೆ ಅನುಭವಿಸುವುದಕ್ಕೆ. ಶಿಕ್ಷೆ ಉಣ್ಣಲು ಬೇಕಾದ ಮೈಯನ್ನು ಮಕ್ಕಳ ಕೈಯಿಂದಲೇ ಮಾಡಿಸುವ ಈ ಏರ್ಪಾಟನ್ನು ಕೂತವರಿಗೆ ಬಿಡಿಸಿ ಹೇಳುವುದು ಅಪರೂಪ. ದಾರಿ ಒಂದು ವರ್ಷದ್ದು ಎನ್ನುತ್ತಾರೆ. ಆದರೆ ಪ್ರೇತವನ್ನು ಪಿತೃಗಳೊಡನೆ ಸೇರಿಸುವ ಸಪಿಂಡೀಕರಣ ಹನ್ನೆರಡನೆಯ ದಿನವೇ ಆಗಿಬಿಡುತ್ತದೆ. ಆಯುಸ್ಸು ಅಸ್ಥಿರ, ಹಾಗಾಗಿ ಹನ್ನೆರಡನೆಯ ದಿನವೇ ಒಳ್ಳೆಯದು ಎಂದು ಪುರಾಣವೇ ಕಾರಣ ಕೊಡುತ್ತದೆ. ಕಾರಣ ಬದುಕಿರುವವರದು, ದಾರಿ ನಡೆಯುವವರದಲ್ಲ.

ಕರ್ಮದ ಫಲ ಮಾಡಿದವನಿಗೇ ಎನ್ನುವುದಾದರೆ ಮಗ ಹಾಕಿದ ಪಿಂಡದಿಂದ ಅಪ್ಪನ ಗತಿ ಬದಲಾಗಬಾರದು. ಬದಲಾಗುತ್ತದೆ ಎಂದರೆ ಮಕ್ಕಳಿಲ್ಲದವರಿಗೆ ಅನ್ಯಾಯ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರುವುದಿಲ್ಲ. ಶ್ರಾದ್ಧದ ಊಟ ಸತ್ತವರಿಗೆ ಮುಟ್ಟುವುದಾದರೆ ಪ್ರಯಾಣಿಕರೇಕೆ ಬುತ್ತಿ ಕಟ್ಟಿಕೊಳ್ಳಬೇಕು ಎಂದು ಪರಲೋಕವನ್ನೇ ಒಪ್ಪದ ಚಾರ್ವಾಕರು ಎಂದೋ ಕೇಳಿಬಿಟ್ಟಿದ್ದಾರೆ. ಇದೇ ಜಿಲ್ಲೆಯ ಸೋಂದಾದಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಮೂರು ಮಠಗಳಿವೆ, ಉತ್ತರಗಳೂ ಮೂರು. ಸ್ವರ್ಣವಲ್ಲಿಯ ಅದ್ವೈತದವರು ಬ್ರಹ್ಮಸೂತ್ರದ 2.1.34ನ್ನು ತೋರಿಸುತ್ತಾರೆ: ದೇವರಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಅವನು ಕರ್ಮವನ್ನು ನೋಡಿ ಕೊಡುತ್ತಾನೆ. ಮೊದಲ ಕರ್ಮ ಎಲ್ಲಿಂದ ಬಂತು ಎಂದರೆ ಅದು ಅನಾದಿ ಎಂದು ಮುಂದಿನ ಸೂತ್ರ. ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದಂತಾಯಿತೇ ಹೊರತು ಬಿಡಿಸಿದಂತಾಗಲಿಲ್ಲ. ವಾದಿರಾಜ ಮಠದ ದ್ವೈತದಲ್ಲಿ ಜೀವರ ಸ್ವಭಾವವೇ ಮೂರು ಬಗೆ, ಅದರಲ್ಲಿ ಕತ್ತಲೆಗೇ ತಕ್ಕವರಾದ ತಮೋಯೋಗ್ಯರಿಗೆ ಅಂಧಂತಮಸ್ಸೆಂಬ ಕಡುಗತ್ತಲೆಯ ನರಕ, ಅಲ್ಲಿಂದ ವಾಪಸಿಲ್ಲ. ಕೇಳಲು ಕಠೋರವಾದರೂ ಮುಚ್ಚುಮರೆ ಇಲ್ಲದ ಉತ್ತರ. ಸ್ವಾದಿಯ (ಸೋಂದಾದ ಇನ್ನೊಂದು ಹೆಸರು) ಜೈನ ಮಠದವರಿಗೆ ತೀರ್ಪು ಕೊಡುವ ದೇವರೇ ಇಲ್ಲ, ಜೀವ ಕ್ಷಣದಲ್ಲಿ ಮುಂದಿನ ಹುಟ್ಟಿಗೆ ಹೋಗುತ್ತದೆ, ಪಿಂಡಕ್ಕೆ ಕೆಲಸವಿಲ್ಲ. ಕರ್ಮಕ್ಕೆ ನಿಷ್ಠವಾಗಿರುವುದು ಕೊನೆಯದೇ ಎನ್ನಬೇಕು.

ಯಾರು ಮಾಡಬಹುದು ಎಂಬಲ್ಲಿ ಸೇವೆ ಹೆಚ್ಚು ಎಡವುತ್ತದೆ. ಗಂಡುಮಗನಿಲ್ಲ ಎಂದ ಕೂಡಲೇ ಕೆಲವು ಕಡೆ ದಾಯಾದಿಯನ್ನು ಹುಡುಕಿ ತನ್ನಿ ಎನ್ನುತ್ತಾರೆ. ಕೈಗೆ ದರ್ಭೆ ಸಿಕ್ಕಬೇಕಾದ ಮಗಳು ಹಿಂದಿನ ಮಣೆಯಲ್ಲಿ ಕೂರುತ್ತಾಳೆ. ಗ್ರಂಥ ಇಷ್ಟು ಬಿಗಿಯಿಲ್ಲ. ವಿಷ್ಣುಪುರಾಣದ ಮೂರನೇ ಅಂಶದ 13ನೇ ಅಧ್ಯಾಯ ಮಗ, ಮೊಮ್ಮಗ, ತಮ್ಮ ಎಂದು ಶುರುಮಾಡಿ, ಅವರ್ಯಾರೂ ಇಲ್ಲದಾಗ ಹೆಂಗಸರು, ಆಮೇಲೆ ಒಡನಿದ್ದ ಸಂಗಾತಿಗಳು, ಕಡೆಗೆ ರಾಜನವರೆಗೂ ಹೋಗುತ್ತದೆ. ಗರುಡಪುರಾಣದಲ್ಲೇ ಬಭ್ರುವಾಹನನೆಂಬ ರಾಜ ಕಾಡಿನಲ್ಲಿ ಕಂಡ, ಮಕ್ಕಳಿಲ್ಲದೆ ಪ್ರೇತವಾದ ವೈಶ್ಯನೊಬ್ಬನ ಕಾರ್ಯ ಮಾಡುತ್ತಾನೆ. ರಕ್ತಸಂಬಂಧ ಇಲ್ಲ, ಜಾತಿಯೂ ಬೇರೆ. ಮದುವೆಯ ಕಾಗದವಿಲ್ಲದೆ ಇಪ್ಪತ್ತು ವರ್ಷ ಜೊತೆಗಿದ್ದ ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಸಂಗಾತಿಯಾಗಿದ್ದರೆ ಅವರು ನಿಲ್ಲಬೇಕಾದ ಜಾಗ ಈ ಪಟ್ಟಿಯಲ್ಲೇ ಇದೆ. ಫೋನಿನಲ್ಲೇ ಈ ಎರಡು ಆಧಾರ ಹೇಳಿ ಕೇಳಿ. ಒಪ್ಪುವ ಭಟ್ಟರು ಸಿಗುತ್ತಾರೆ, ಆದರೆ ಹೊಸ್ತಿಲಲ್ಲಿ ನಿಂತು ಚರ್ಚೆಗೆ ಇಳಿದರೆ ಕೆಲಸ ಕೆಡುತ್ತದೆ. ಆಸ್ಪತ್ರೆಯಿಂದ ಶವ ಬಿಡಿಸಿಕೊಳ್ಳುವುದು ಇನ್ನೊಂದು ತಲೆಬಿಸಿ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಗೆ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ, ಪ್ರತಿ ಇಟ್ಟುಕೊಂಡಿರಿ.

ತರ್ಪಣದ ಕೊನೆಗೆ ಒದ್ದೆ ಬಟ್ಟೆ ಹಿಂಡಿ ಬಿಡುವ ನೀರಿದೆಯಲ್ಲ, ಅದು ಕುಲದಲ್ಲಿ ಮಕ್ಕಳಿಲ್ಲದೆ ಸತ್ತವರ ಪಾಲು. ಮಂತ್ರದಲ್ಲಿ ಹಾಗೆಂದೇ ಇದೆ. ಉಳಿದವರಿಗೆ ಎಳ್ಳುನೀರು, ಇವರಿಗೆ ಪಂಚೆ ಹಿಂಡಿದ ನೀರು.

ಹೆಂಗಸರ ಸಪಿಂಡೀಕರಣ ಇದಕ್ಕಿಂತ ಗಂಭೀರ ವಿಷಯ. ಗಂಡಸಿನ ವಿಷಯದಲ್ಲಿ ಉದ್ದನೆಯ ಪ್ರೇತಪಿಂಡವನ್ನು ಮೂರು ಭಾಗ ಮಾಡಿ ತಂದೆ, ಅಜ್ಜ, ಮುತ್ತಜ್ಜನ ಪಿಂಡಗಳಲ್ಲಿ ಬೆರೆಸುತ್ತಾರೆ. ಮದುವೆಯಾದವಳನ್ನು ಸಾಮಾನ್ಯವಾಗಿ ಬೆರೆಸುವುದು ಅತ್ತೆಯ ಸಾಲಿನಲ್ಲಿ. ಗಂಡನ ಮನೆ ಬಿಟ್ಟು ಬಂದವಳು, ವಿಚ್ಛೇದನ ಪಡೆದವಳು, ಅತ್ತೆಯ ಕೈಯಲ್ಲಿ ನೊಂದವಳು ಎಂಬ ಭೇದ ಈ ಪದ್ಧತಿಗಿಲ್ಲ. ಕೆಲವು ಬಗೆಯ ಮದುವೆಗಳಲ್ಲಿ ತವರಿನ ಕಡೆಗೆ ಸೇರಿಸಬಹುದು ಎಂಬ ವಿಕಲ್ಪ ಧರ್ಮಶಾಸ್ತ್ರದ ಟೀಕೆಗಳಲ್ಲಿದೆ. ಮೊದಲೇ ಕೇಳಿದರೆ ಅದನ್ನು ಬಳಸುವ ದಾರಿ ಹುಡುಕುತ್ತಾರೆ, ಪಿಂಡ ಕಟ್ಟಿಯಾದ ಮೇಲೆ ಕೇಳಿದರೆ ಇಲ್ಲ. ಮಹಾಲಯ ಪಕ್ಷದಲ್ಲೂ ಇದೇ ಛಾಯೆ: ಗಂಡನಿಗಿಂತ ಮೊದಲು ಸತ್ತವಳಿಗೆ ಅವಿಧವಾ ನವಮಿ ಎಂಬ ವಿಶೇಷ ದಿನ, ಶಸ್ತ್ರದಿಂದ ಸತ್ತವರಿಗೆ ಚತುರ್ದಶಿ. ಆಯುಧದಿಂದ ಸತ್ತವರನ್ನು ಸಾವಿನ ಬಗೆಯಿಂದ ವಿಂಗಡಿಸಿದರೆ ಇವಳನ್ನು ತಾಳಿಯಿಂದ.

ಕಾಮಕ್ಕೆ ಸಂಬಂಧಿಸಿದ ಪಾಪದ ಭಯ ಹಾಕುವವರಿದ್ದರೆ ಪಠ್ಯ ಕೇಳಿ. ಭಾಗವತದ ಐದನೇ ಸ್ಕಂಧದ 26ನೇ ಅಧ್ಯಾಯದಲ್ಲಿ 28 ನರಕಗಳಿವೆ. ಪರರ ಹೆಂಡತಿಯನ್ನು ಅಪಹರಿಸಿದವನಿಗೆ ತಾಮಿಸ್ರ. ಸಲ್ಲದ ಕೂಟಕ್ಕೆ ತಪ್ತಸೂರ್ಮಿ. ಅಲ್ಲಿ ಗಂಡಿಗೂ ಹೆಣ್ಣಿಗೂ ಕಾದ ಕಬ್ಬಿಣದ ಬೊಂಬೆಯ ಅಪ್ಪುಗೆ, ಇಬ್ಬರಿಗೂ ಸಮಾನ ಶಿಕ್ಷೆ. ಕಾಮಾಂಧನಾಗಿ ಹೆಂಡತಿಗೆ ವೀರ್ಯ ಕುಡಿಸುವ ಗಂಡನಿಗೂ ಲಾಲಾಭಕ್ಷವೆಂಬ ನರಕವಿದೆ, ಅದನ್ನು ಮಾತ್ರ ಯಾರೂ ಹೇಳಿದ್ದು ಕೇಳಿಬರುವುದಿಲ್ಲ. ಸಲಿಂಗಿಗಳಿಗೆಂದೇ ಮೀಸಲಾದ ನರಕ ಆ ಪಟ್ಟಿಯಲ್ಲಿಲ್ಲ. ಮನುಸ್ಮೃತಿಯ 11ನೇ ಅಧ್ಯಾಯ ಒಂದು ಕಡೆ ಗಂಡು ಗಂಡಿನ ಕೂಟವನ್ನು ಜಾತಿಭ್ರಂಶಕರ, ಅಂದರೆ ಜಾತಿ ಕೆಡಿಸುವಂಥದ್ದು, ಎನ್ನುತ್ತದೆ, ಇನ್ನೊಂದು ಕಡೆ ಅದಕ್ಕೂ ಎತ್ತಿನಗಾಡಿಯಲ್ಲಿ, ನೀರಿನಲ್ಲಿ, ಹಗಲಲ್ಲಿ ಹೆಣ್ಣಿನೊಡನೆ ಕೂಡುವುದಕ್ಕೂ ಒಂದೇ ಪ್ರಾಯಶ್ಚಿತ್ತ ಹೇಳುತ್ತದೆ: ಉಟ್ಟ ಬಟ್ಟೆಯಲ್ಲೇ ಸ್ನಾನ. ಸ್ಮಶಾನದಿಂದ ಬಂದವರೂ ಅದನ್ನೇ ಮಾಡುತ್ತಾರೆ. (ಪಶುಪಕ್ಷಿಗಳನ್ನು ಜೀವಂತ ಬೇಯಿಸುವವರಿಗೆ ಕುಂಭೀಪಾಕ. ಏಡಿಯನ್ನು ಹಾಗೆಯೇ ಕುದಿನೀರಿಗೆ ಹಾಕುವ ನಮ್ಮ ಕರಾವಳಿಯವರಿಗೆ ಏಡಿ ಪಶುವೋ ಪಕ್ಷಿಯೋ ಎಂಬ ಸಂಶಯವೇ ಆಸರೆ.) ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿದೆ, ಯಮನ ಕಚೇರಿಯ ಹೆಸರಲ್ಲಿ ಅದನ್ನೇ ಮತ್ತೆ ವಿಚಾರಣೆಗೆ ಎಳೆಯುವವರಿಗೆ ದಕ್ಷಿಣೆ ಕೊಡಬೇಕಾಗಿಲ್ಲ.

ದುರ್ಮರಣಕ್ಕೀಡಾದವರಿಗೆಂದು ಮಾಡುವ ನಾರಾಯಣ ಬಲಿಯಲ್ಲಿ ಒಳ್ಳೆಯದೂ ಕೆಟ್ಟದ್ದೂ ಕೂಡಿಕೊಂಡಿವೆ. ಕಡಲಿಗೆ ಹೋಗಿ ದೇಹ ಸಿಗದ ಮೀನುಗಾರರ ಮನೆಯವರಿಗೆ ದರ್ಭೆ ಮತ್ತು 360 ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ದಹಿಸುವ ವಿಧಿ ಇದೆ. ಎಲುಬಿಗೊಂದರಂತೆ ಆ ಲೆಕ್ಕ. ವರ್ಷಗಟ್ಟಲೆ ಕಾದವರಿಗೆ ಕಾಯುವುದನ್ನು ನಿಲ್ಲಿಸಲು ಅನುಮತಿ ಕೊಡುವ ವಿಧಿ ಇದು, ಇದಕ್ಕೆ ಐದಕ್ಕೆ ಐದು. ಎಲೆ ಎಣಿಸುವಾಗ ಅವಸರ ಮಾಡಿ ಕಟ್ಟು ಕಟ್ಟಾಗಿ ಇಡುವವರಿದ್ದಾರೆ, ಪಕ್ಕದಲ್ಲಿ ಕೂತು ಎಣಿಸಿ. ಆದರೆ ಆತ್ಮಹತ್ಯೆಯನ್ನೂ ಇದೇ ದುರ್ಮರಣದ ಕಟ್ಟಿಗೆ ಸೇರಿಸಿ, ದೋಷ ಮನೆಗೆ ತಟ್ಟುತ್ತದೆ ಎಂದು ದುಬಾರಿ ಪೂಜೆಗಳನ್ನು ಹೊರಿಸುವುದು ತಪ್ಪು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷಿಸುವುದಿಲ್ಲ. ದೇವರ ನ್ಯಾಯ ಅದಕ್ಕಿಂತ ಸಣ್ಣದಾಗಿರಬೇಕೇ? ಮೂಲ ವಿಧಿಯ ತಿರುಳು ವಿಷ್ಣು, ಬ್ರಹ್ಮ, ರುದ್ರ, ಯಮ ಮತ್ತು ಪ್ರೇತ, ಈ ಐದು ಪಿಂಡಗಳು. ಅದಕ್ಕಿಂತ ಉದ್ದದ ಪಟ್ಟಿ ಕೊಟ್ಟರೆ ಯಾವುದು ವಿಧಿ, ಯಾವುದು ಸೇರಿಸಿದ್ದು ಎಂದು ಬಿಡಿಸಿ ಬರೆಸಿಕೊಳ್ಳಿ.

ದರ ಒಂದೇ ಇಲ್ಲ. ಸಾಮಗ್ರಿ, ಊಟದ ಎಲೆಯ ಲೆಕ್ಕ, ಕೋಣೆ, ಗೋದಾನದ ಬದಲಿಗೆ ಕೊಡುವ ಹಣ, ದಕ್ಷಿಣೆ, ಈ ಐದನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟು ಮೊತ್ತವಷ್ಟೇ ಹೇಳುವ ಕಡೆ ಕೊನೆಯ ದಿನ ಹೊಸ ದಾನಗಳು ಹುಟ್ಟುತ್ತವೆ. ಬರುವಾಗ ಮೂರು ತಲೆಮಾರಿನ ಹೆಸರು ಬರೆದುಕೊಂಡು ಬನ್ನಿ. ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಎಂದರೆ ನಡೆಯುತ್ತದೆ. ಸತ್ತವರು ಲಿಂಗತ್ವ ಬದಲಿಸಿಕೊಂಡವರಾಗಿದ್ದರೆ ಅವರೇ ಇಟ್ಟುಕೊಂಡ ಹೆಸರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸಂಕಲ್ಪಕ್ಕೆ ಮೊದಲೇ ಭಟ್ಟರ ಕೈಗಿಡಿ. ಮಂತ್ರದಲ್ಲಿ ಗಂಡಿಗೆ ‘ಗೋತ್ರ, ಪ್ರೇತ’, ಹೆಣ್ಣಿಗೆ ‘ಗೋತ್ರೇ, ಪ್ರೇತೇ’ ಎಂದು ಕರೆಯುತ್ತಾರೆ, ಮೊದಲ ದಿನ ಹೇಗೆ ಕರೆದರೋ ಹನ್ನೆರಡನೆಯ ದಿನದವರೆಗೂ ಹಾಗೆಯೇ ಹೋಗುತ್ತದೆ.