ಕ್ರಿಸ್ಟಿ ರಿಂಗ್ ನೋಡೋದಾ, ಲೋರಿ ಮಾಹರ್ ನೋಡೋದಾ?

ಐರ್ಲೆಂಡಿನಲ್ಲಿದ್ದೀರಿ, ಕೋಲು-ಚೆಂಡಿನ ಐರಿಷ್ ಆಟ ಹರ್ಲಿಂಗ್ ಹೊಸದು, ಆದರೆ ದೊಡ್ಡ ತಂಡಗಳ ಲಿಯಾಮ್ ಮೆಕಾರ್ಥಿ ಕಪ್ ಬೇಡ ಅಂದ್ರೆ ಕ್ರಿಸ್ಟಿ ರಿಂಗ್, ಲೋರಿ ಮಾಹರ್‌ನಂಥ ಕೆಳಗಿನ ಹಂತದ ಕಪ್‌ಗಳಿವೆ.

ಆಟದ ಮಟ್ಟ ಮುಖ್ಯ ಅನ್ನುವವರು ಕ್ರಿಸ್ಟಿ ರಿಂಗ್ ಹಿಡಿಯಿರಿ. 2005ರಲ್ಲಿ ಶುರುವಾದ ಇದು ಈಗ ಮೂರನೇ ಹಂತ, ಗೆದ್ದವರು ಮೇಲಿನ ಜೋ ಮೆಕ್‌ಡೊನಾ ಕಪ್‌ಗೆ ಹೋಗ್ತಾರೆ. ಕಿಲ್ಡೇರ್ ಕೌಂಟಿ (ಜಿಲ್ಲೆ) ತಂಡವನ್ನೇ ನೋಡಿ. 2014ರಿಂದ 2024ರೊಳಗೆ ಐದು ಸಲ ಇದನ್ನು ಗೆದ್ದು, ಮೇಲೆ ಹೋಗಿ ಕೆಳಗೆ ಬಿದ್ದು ಮತ್ತೆ ಹತ್ತಿ, ಕೊನೆಗೆ 2025ರಲ್ಲಿ ಜೋ ಮೆಕ್‌ಡೊನಾವನ್ನೂ ಎತ್ತಿತು. ಏಣಿಯಾಟವೇ ಅಲ್ವಾ!

ಲೋರಿ ಮಾಹರ್ 2009ರದು, ಐದನೇ ಹಂತ. ಇಲ್ಲಿ ಆಡಿರೋದು ಗೇಲಿಕ್ ಫುಟ್‌ಬಾಲೇ (ಐರ್ಲೆಂಡಿನದೇ ಫುಟ್‌ಬಾಲ್) ಜೋರಾಗಿರುವ, ಹರ್ಲಿಂಗ್ ಕ್ಲಬ್ಬುಗಳು ಬೆರಳೆಣಿಕೆಯಷ್ಟೇ ಇರುವ ಲೀಟ್ರಿಮ್, ಫರ್ಮಾನಾದಂಥ ಕೌಂಟಿಗಳು. ಇಂಗ್ಲೆಂಡಿನ ವಾರಿಕ್‌ಶೈರ್ ಕೂಡ 2013ರಲ್ಲಿ ಗೆದ್ದಿದೆ. ಚೆಂಡು ಕೈತಪ್ಪೋದು ಜಾಸ್ತಿ, ನಿಜ. ಆದರೆ 2019ರ ಫೈನಲ್‌ನಲ್ಲಿ ಲೀಟ್ರಿಮ್ ಹೆಚ್ಚುವರಿ ಸಮಯದಲ್ಲಿ ಲ್ಯಾಂಕಶೈರನ್ನು ಒಂದೇ ಪಾಯಿಂಟಿನಿಂದ ಸೋಲಿಸಿತು.

ಗೋಲಿಗೆ 3 ಪಾಯಿಂಟ್, ಚೆಂಡು ಗೋಲಿನ ಅಡ್ಡಕಂಬಿಯ ಮೇಲಿಂದ ಹೋದರೆ 1, ಎರಡೂ ಕಪ್‌ಗಳಲ್ಲಿ ಲೆಕ್ಕ ಅದೇ. ನನಗಂತೂ ಲೋರಿ ಮಾಹರೇ ಇಷ್ಟ. ಡಬ್ಲಿನ್‌ನ ಕ್ರೋಕ್ ಪಾರ್ಕಿನಂಥ ದೊಡ್ಡ ಮೈದಾನದಲ್ಲಿ ಆಡೋದು ಆ ಹುಡುಗರಿಗೆ ಸುಮ್ನೆ ಮಾತಲ್ಲ.