ಆರು ವರ್ಷ ಸಾಕಿದ ಎಸ್‌ಎಚ್-ಎಸ್‌ವೈ5ವೈ ಸೆಲ್‌ಗಳು: 5ಕ್ಕೆ 3.5

ಪಾರ್ಕಿನ್ಸನ್ಸ್ ಕೆಲಸಕ್ಕೆ ಅಂತ ಆರು ವರ್ಷದಿಂದ ಈ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರಬಹುದಾದ ಜೀವಕೋಶಗಳ ತಳಿ) ಸಾಕುತ್ತಿದ್ದೇನೆ. ಪಿಎಚ್‌ಡಿಗೆ ಹೊಸದಾಗಿ ಸೇರಿದವರು ತರಿಸಬಹುದಾ ಅಂತ ಕೇಳುತ್ತಿರುತ್ತಾರೆ. ತರಿಸಿ. ಆದರೆ ತರಿಸಿದ್ದು ಏನು ಅಂತ ಗೊತ್ತಿರಲಿ.

ಇವು ಮೆದುಳಿನಿಂದ ಬಂದವಲ್ಲ. 1970ರಲ್ಲಿ ನ್ಯೂರೋಬ್ಲಾಸ್ಟೋಮಾ (ಎಳೆಯ ನರಕೋಶಗಳಲ್ಲಿ ಹುಟ್ಟುವ, ಮಕ್ಕಳ ಕ್ಯಾನ್ಸರ್) ಇದ್ದ ನಾಲ್ಕು ವರ್ಷದ ಹುಡುಗಿಯ ಮೂಳೆ ಮಜ್ಜೆಯಿಂದ ಎಸ್‌ಕೆ-ಎನ್-ಎಸ್‌ಎಚ್ ಲೈನ್ ಬಂತು, ಅದನ್ನು ಮೂರು ಸಲ ಕ್ಲೋನ್ ಮಾಡಿದಾಗ (ಒಂದೇ ಸೆಲ್ ಆರಿಸಿ ಅದರಿಂದಲೇ ಬೆಳೆಸಿದಾಗ) ಇದು ಸಿಕ್ಕಿತು. ಫ್ಲಾಸ್ಕ್ ಎತ್ತಿಕೊಂಡಾಗ ಒಮ್ಮೊಮ್ಮೆ ಆ ಮಗು ನೆನಪಾಗುತ್ತದೆ.

ಒಳ್ಳೆಯದು ಏನಂದರೆ, ಮನುಷ್ಯರ ಸೆಲ್, ಖರ್ಚು ಕಡಿಮೆ, ಇಲಿ ಮರಿಯಿಂದ ತೆಗೆದ ನ್ಯೂರಾನ್ (ನರಕೋಶ) ಹಾಗಲ್ಲದೆ ಬೇಕಾದಷ್ಟು ಬೆಳೆಸಿಕೊಳ್ಳಬಹುದು.

ಮೊದಲ ತಿಂಗಳು ನಾನು ಮಾಡಿದ ಪೆದ್ದು ಕೆಲಸ ಕೇಳಿ. ಮೀಡಿಯಾ (ಸೆಲ್‌ಗಳಿಗೆ ಆಹಾರವಾಗುವ ದ್ರವ) ಬದಲಾಯಿಸುವಾಗ ತೇಲುತ್ತಿದ್ದವೆಲ್ಲ ಸತ್ತಿವೆ ಅಂದುಕೊಂಡು ಸುಮ್ನೆ ಹೀರಿ ಚೆಲ್ಲುತ್ತಿದ್ದೆ. ಅವುಗಳಲ್ಲಿ ಜೀವ ಇರುವವೇ ಜಾಸ್ತಿ! ಸೆಂಟ್ರಿಫ್ಯೂಜ್ ಮಾಡಿ ವಾಪಸ್ ಹಾಕಬೇಕಿತ್ತು. ಚೆಲ್ಲುತ್ತಾ ಹೋದ ಹಾಗೆ ಗಟ್ಟಿಯಾಗಿ ಅಂಟಿಕೊಳ್ಳುವ ಚಪ್ಪಟೆ ಎಸ್-ಟೈಪ್ ಸೆಲ್‌ಗಳೇ ಫ್ಲಾಸ್ಕ್ ತುಂಬ ಹರಡಿಕೊಂಡವು, ನನಗೆ ಬೇಕಿದ್ದ, ನ್ಯೂರಾನ್ ಹಾಗೆ ಬಾಲ ಚಾಚುವ ಎನ್-ಟೈಪ್ ಹುಡುಕಿದರೂ ಸಿಗಲಿಲ್ಲ. ಈಗ ಪ್ಯಾಸೇಜ್ (ಸೆಲ್‌ಗಳನ್ನು ಬಿಡಿಸಿ ಹೊಸ ಫ್ಲಾಸ್ಕಿಗೆ ಹಂಚುವ ಸರದಿ) 15 ದಾಟಿದರೆ ಬಿಸಾಕಿ, ಫ್ರೀಜ್ ಮಾಡಿಟ್ಟ ಹೊಸ ವೈಯಲ್ ತೆಗೆಯುತ್ತೇನೆ.

ಡಿಫರೆನ್ಶಿಯೇಶನ್‌ಗೆ, ಅಂದರೆ ಇವನ್ನು ನ್ಯೂರಾನ್ ತರಹ ಮಾಡುವುದಕ್ಕೆ, ಮೀಡಿಯಾದಲ್ಲಿ ಸೀರಮ್ ಇಳಿಸಿ, 10 ಮೈಕ್ರೋಮೋಲಾರ್ ರೆಟಿನೋಯಿಕ್ ಆಸಿಡ್ ಐದು ದಿನ, ಆಮೇಲೆ ಬಿಡಿಎನ್‌ಎಫ್ (ನರಕೋಶ ಬೆಳೆಯಲು ನೆರವಾಗುವ ಪ್ರೋಟೀನ್). ರೆಟಿನೋಯಿಕ್ ಆಸಿಡ್‌ಗೆ ಬೆಳಕು ಆಗಿಬರುವುದಿಲ್ಲ. ಹುಡ್ ಲೈಟ್ ಆರಿಸಿ, ಟ್ಯೂಬಿಗೆ ಫಾಯಿಲ್ ಸುತ್ತಿ ಇಡಿ. ನಮ್ಮ ಜೂನಿಯರ್ ಒಬ್ಬ ಅದನ್ನು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದ, ವಾರ ಕಾದರೂ ಒಂದು ಬಾಲವೂ ಮೂಡಲಿಲ್ಲ.

ಒಂದೂವರೆ ಸ್ಟಾರ್ ಕಡಿದಿದ್ದು ಸೆಲ್‌ಗಳ ತಪ್ಪಿಗಲ್ಲ, ನಮ್ಮವರ ಬಾಯಿಗೆ. ಡೋಪಮಿನ್ ತಯಾರಿಗೆ ಬೇಕಾದ ಕಿಣ್ವ ಟೈರೋಸಿನ್ ಹೈಡ್ರಾಕ್ಸಿಲೇಸ್‌ನ ಬ್ಯಾಂಡ್ (ಪ್ರೋಟೀನ್ ಪರೀಕ್ಷೆಯಲ್ಲಿ ಮೂಡುವ ಪಟ್ಟಿ) ಕಂಡ ಕೂಡಲೇ ಡೋಪಮಿನರ್ಜಿಕ್ ನ್ಯೂರಾನ್, ಅಂದರೆ ಪಾರ್ಕಿನ್ಸನ್ಸ್‌ನಲ್ಲಿ ಸಾಯುವ ಡೋಪಮಿನ್ ನರಕೋಶ, ಅಂತ ಬರೆದುಬಿಡುತ್ತಾರೆ. ಇದರಲ್ಲಿ ಡೋಪಮಿನ್‌ನಿಂದ ನಾರ್‌ಅಡ್ರಿನಲಿನ್ ಮಾಡುವ ಕಿಣ್ವವೂ ಇದೆ, ಮೇಲಾಗಿ ಇದು ಕ್ಯಾನ್ಸರ್ ಸೆಲ್, ಸೆಲ್ ಬೆಳವಣಿಗೆಗೆ ಸಂಬಂಧಿಸಿದ ಎಎಲ್‌ಕೆ ಜೀನಿನಲ್ಲಿ ಮ್ಯುಟೇಶನ್ ಹೊತ್ತುಕೊಂಡಿದೆ. ರೋಟೆನೋನ್ ವಿಷ ಹಾಕಿ ಎಷ್ಟು ಸತ್ತವು ಅಂತ ಎಣಿಸುವುದಕ್ಕೆ ಸರಿ, ಆದರೆ ಅಷ್ಟರಿಂದಲೇ ಮೆದುಳಿನ ಕಥೆ ಹೇಳಬೇಡಿ, ಐಪಿಎಸ್ ಸೆಲ್‌ನಿಂದ (ದೊಡ್ಡವರ ಸಾಮಾನ್ಯ ಸೆಲ್ ಅನ್ನು ಹಿಂದಕ್ಕೆ ತಿರುಗಿಸಿ ಮಾಡಿದ ಸ್ಟೆಮ್ ಸೆಲ್) ಮಾಡಿದ ನ್ಯೂರಾನ್‌ನಲ್ಲೂ ಒಮ್ಮೆ ನೋಡಿ.

ಮತ್ತೆ, ಪ್ಯಾಸೇಜ್ ಮಾಡುವಾಗ ತೀರಾ ತೆಳುವಾಗಿ ಹರಡಬೇಡಿ. ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಮುನಿಸಿಕೊಂಡು ಕೂತುಬಿಡುತ್ತವೆ.