ಎಕ್ಸ್‌ಚೇಂಜ್‌ಗೆ ಹಳೆ ಫೋನ್ ಕೊಡುವ ಮುಂಚೆ ಇದನ್ನು ಓದಿ

ಹಳೆ ಫೋನ್ ಕೊಟ್ಟು ಹೊಸದು ತಗೊಳ್ಳಬೇಕು ಅಂದುಕೊಂಡಿರುವವರು, ಅದರಲ್ಲೂ ವಾಟ್ಸಾಪ್ ನಂಬಿಕೊಂಡು ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ಚಿಕ್ಕಮ್ಮನಿಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಚಿಕ್ಕಮ್ಮ ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಳತೆ, ಡಿಸೈನು, ದುಡ್ಡಿನ ಲೆಕ್ಕ ಎಲ್ಲವೂ ವಾಟ್ಸಾಪ್‌ನಲ್ಲೇ. ಮದುವೆಯಾಗಿ ಬೆಂಗಳೂರು ಸೇರಿದ ಹುಡುಗಿಯರು ಬ್ಲೌಸ್ ಪೀಸ್ ಕೊರಿಯರ್ ಮಾಡಿ, ‘ಆಂಟಿ, ಹಿಂದೆ ಜಾಸ್ತಿ ಡೀಪ್ ಬೇಡ, ತೋಳು ಹನ್ನೊಂದು ಇಂಚು ಇರಲಿ, ಬಾರ್ಡರ್ ಕೈಗೆ ಬರಲಿ’ ಅಂತ ವಾಯ್ಸ್ ಮೆಸೇಜ್ ಹಾಕುತ್ತಾರೆ. ಅದರ ಕೆಳಗೆ ಡಿಸೈನಿನ ಫೋಟೋ, ಅದರ ಕೆಳಗೆ ಅಡ್ವಾನ್ಸ್ ಕಳಿಸಿದ ಸ್ಕ್ರೀನ್‌ಶಾಟ್. ಯಾರದ್ದು ಎಷ್ಟು ಬಾಕಿ, ಯಾರಿಗೆ ಯಾವತ್ತು ಕೊಡಬೇಕು ಅನ್ನುವುದೆಲ್ಲ ಆ ಚಾಟ್‌ಗಳಲ್ಲೇ ಇತ್ತು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದು ಮನೆ ತುಂಬ ಬಟ್ಟೆ ಬಿದ್ದಿದ್ದ ಹೊತ್ತಿನಲ್ಲಿ ಫೋನಿನ ಡಿಸ್‌ಪ್ಲೇ ಕೆಟ್ಟಿತು. ಅರ್ಧ ಪರದೆಗೆ ಹಸಿರು ಗೆರೆ ಬಂದಿತ್ತು, ಟಚ್ ಮಾತ್ರ ಕೆಲಸ ಮಾಡುತ್ತಿತ್ತು. ರಿಪೇರಿಗಿಂತ ಎಕ್ಸ್‌ಚೇಂಜೇ ಲಾಭ ಅಂತ ಅಂಗಡಿಯವರು ಹೇಳಿದರು. ಚಿಕ್ಕಮ್ಮ ಮೊದಲು ಕೇಳಿದ ಪ್ರಶ್ನೆಯೇ, ‘ನನ್ನ ವಾಟ್ಸಾಪ್ ಹಾಗೇ ಇರುತ್ತಾ?’ ಅಂತ. ‘ಎಲ್ಲಾ ಗೂಗಲ್‌ನಲ್ಲಿ ಇರುತ್ತೆ ಆಂಟಿ, ಹಂಗಂಗೇ ಬರುತ್ತೆ’ ಅಂದ ಕೌಂಟರಿನ ಹುಡುಗ.

ಬಂತು, ನಿಜ. ಕಾಂಟ್ಯಾಕ್ಟ್ಸ್ ಬಂತು, ಹಳೆ ಎಸ್ಎಂಎಸ್ ಬಂತು, ಆ್ಯಪ್‌ಗಳೆಲ್ಲ ಒಂದೊಂದಾಗಿ ಇಳಿದವು. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸಬೇಕು, ಹಾಗಿತ್ತು. ಆಮೇಲೆ ಅವನು ವಾಟ್ಸಾಪ್ ತೆರೆದು ನಂಬರ್ ಹಾಕಿ ಓಟಿಪಿ ಕೊಟ್ಟ. ಬ್ಯಾಕಪ್ (ಗೂಗಲ್‌ನಲ್ಲಿ ಇಟ್ಟಿದ್ದ ಹಳೆ ಚಾಟ್‌ಗಳ ನಕಲು) ಸಿಕ್ಕಿದೆ, ರೀಸ್ಟೋರ್ ಮಾಡಲಾ, ಅಂದರೆ ಈ ಫೋನಿಗೆ ವಾಪಸ್ ಇಳಿಸಲಾ ಅಂತ ಕೇಳುವ ಪೇಜ್ ಬಂತು. ನಾಲ್ಕು ಜಿಬಿ ಮೇಲಿತ್ತು. ‘ಇಷ್ಟು ದೊಡ್ಡದು ಇಲ್ಲಿ ಇಳಿಸೋಕೆ ಟೈಮ್ ಹಿಡಿಯುತ್ತೆ, ಮನೆಗೆ ಹೋದಮೇಲೆ ಬರುತ್ತೆ’ ಅಂತ ಹೇಳಿ ಸ್ಕಿಪ್ ಒತ್ತಿದ. ದಿನಾ ಬ್ಯಾಕಪ್ ಆಗಲಾ ಅಂತ ಮುಂದಿನ ಪೇಜ್ ಕೇಳಿದ್ದಕ್ಕೆ ಹೌದು ಅಂತಲೂ ಒತ್ತಿದ. ಅದೇ ಕೈಯಲ್ಲಿ ಹಳೆ ಫೋನ್ ರೀಸೆಟ್ ಮಾಡಿ, ಅಂದರೆ ಒಳಗಿದ್ದದ್ದೆಲ್ಲ ಅಳಿಸಿ, ಡ್ರಾಯರಿಗೆ ಹಾಕಿಕೊಂಡ. ಪಕ್ಕದಲ್ಲಿ ನಿಂತಿದ್ದ ನನ್ನ ತಂಗಿ ಇದೆಲ್ಲ ನೋಡಿದ್ದಾಳೆ.

ವಾಟ್ಸಾಪ್ ಗೂಗಲ್ ಅಕೌಂಟಿನಲ್ಲಿ ಇಡುವುದು ಒಂದೇ ಬ್ಯಾಕಪ್. ಹೊಸದು ಆದ ಕೂಡಲೇ ಹಳೆಯದು ಅಳಿಸಿಹೋಗುತ್ತದೆ. ‘ಹೋದ ವಾರದ್ದು ಕೊಡಿ’ ಅಂತ ಕೇಳುವ ದಾರಿಯೇ ಇಲ್ಲ. ಬ್ಯಾಕಪ್ ಆಗುವುದು ಬೆಳಗಿನ ಜಾವ ಎರಡರ ಸುಮಾರಿಗೆ. ನಾನು ಹೋಗಿ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆರೆದು ನೋಡಿದಾಗ ಕೊನೆಯ ಬ್ಯಾಕಪ್ ಎದುರು ಅದೇ ಹೊತ್ತು ಕಾಣಿಸಿತು, ಗಾತ್ರ ಕೆಲವೇ ಎಂಬಿ. ನಾಲ್ಕು ಜಿಬಿ ಇದ್ದ ಜಾಗದಲ್ಲಿ ಖಾಲಿ ಚಾಟ್‌ಗಳ ಬ್ಯಾಕಪ್ ಕೂತಿತ್ತು. ಫೋನಿನೊಳಗೂ ವಾಟ್ಸಾಪ್ ಕಳೆದ ಏಳು ದಿನಗಳ ತನಕದ ಬ್ಯಾಕಪ್ ಫೈಲ್‌ಗಳನ್ನು ಇಟ್ಟಿರುತ್ತದೆ. ಅದನ್ನು ನಂಬೋಣ ಅಂದರೆ ಆ ಫೋನೇ ರೀಸೆಟ್ ಆಗಿಹೋಗಿದೆ.

ಇದರಲ್ಲಿ ಚಿಕ್ಕಮ್ಮನ ತಪ್ಪು ಎಳ್ಳಷ್ಟೂ ಇಲ್ಲ. ಕೇಳಬೇಕಾದ್ದನ್ನು ಕೇಳಿಯೇ ಫೋನ್ ಕೊಟ್ಟಿದ್ದರು. ಅಂಗಡಿಯವರು ಮಾತ್ರ ‘ನೀವು ಬರೆದಿಟ್ಟುಕೊಳ್ಳಬೇಕಿತ್ತು’ ಅಂದುಬಿಟ್ಟರು. ಇನ್ನೊಬ್ಬರ ವರ್ಷಗಟ್ಟಲೆಯ ಕೆಲಸ ಇರುವ ಫೋನನ್ನು ಕೈಗೆ ತೆಗೆದುಕೊಂಡವನಿಗೆ ಆ ಒಂದು ಪೇಜ್ ಓದಿ ಹೇಳುವ ಜವಾಬ್ದಾರಿ ಇದ್ದೇ ಇದೆ.

ಈಗಷ್ಟೇ ಯಾರದ್ದಾದರೂ ಹೀಗೆ ಸ್ಕಿಪ್ ಆಗಿದ್ದರೆ ಗಮನಿಸಿ. ರೀಸ್ಟೋರ್ ಕೇಳುವ ಪೇಜ್ ವಾಟ್ಸಾಪ್ ಹೊಸದಾಗಿ ಹಾಕಿದಾಗ ಮಾತ್ರ ಬರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ರಾತ್ರಿ ಆಗುವುದರೊಳಗೆ ವಾಟ್ಸಾಪ್ ಅನ್‌ಇನ್‌ಸ್ಟಾಲ್ ಮಾಡಿ. ವೈಫೈ ಇರುವ ಕಡೆ ಕೂತು, ಚಾರ್ಜಿಗೆ ಹಾಕಿ, ಮತ್ತೆ ಇನ್‌ಸ್ಟಾಲ್ ಮಾಡಿ. ನಂಬರೂ ಹಳೆಯದೇ, ಗೂಗಲ್ ಅಕೌಂಟೂ ಹಳೆಯದೇ ಆಗಿರಬೇಕು. ಹಳೆ ಬ್ಯಾಕಪ್ ಮೇಲೆ ಹೊಸದು ಕೂರದೇ ಇದ್ದರೆ ಆ ಪೇಜ್ ಮತ್ತೆ ಬರುತ್ತದೆ. ಚಿಕ್ಕಮ್ಮ ಅವತ್ತು ಸಂಜೆಯೇ ನನಗೆ ಫೋನ್ ಮಾಡಬಹುದಿತ್ತು. ‘ಮನೆಗೆ ಹೋದಮೇಲೆ ಬರುತ್ತೆ’ ಅನ್ನುವ ಮಾತು ನಂಬಿ ಬೆಳಗಿನವರೆಗೆ ಕಾದರು. ಆ ಮಾತಿನಿಂದಲೇ ಎಲ್ಲ ಕೈತಪ್ಪಿತು.

ಹಳೆಯ ಗೂಗಲ್ ಅಕೌಂಟ್ ಅಂದೆನಲ್ಲ, ಅದೂ ದೊಡ್ಡ ತಲೆನೋವು. ನಮ್ಮ ಊರುಗಳಲ್ಲಿ ಹಿರಿಯರ ಫೋನಿಗೆ ಜಿಮೇಲ್ ಮಾಡಿಕೊಡುವವರು ಅಂಗಡಿಯವರೇ. ಪ್ರತಿ ಹೊಸ ಫೋನಿಗೂ ಒಂದು ಹೊಸ ಜಿಮೇಲ್, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೊಸ ಐಡಿಯಲ್ಲಿ ಲಾಗಿನ್ ಆದರೆ ಹಳೆ ಐಡಿಯ ಬ್ಯಾಕಪ್ ಕಾಣುವುದೇ ಇಲ್ಲ. ಇವತ್ತೇ ಅಪ್ಪ ಅಮ್ಮನ ಫೋನ್ ತೆಗೆದು ಚಾಟ್ ಬ್ಯಾಕಪ್‌ನಲ್ಲಿ ಯಾವ ಜಿಮೇಲ್ ಇದೆ ಅಂತ ನೋಡಿ ಡೈರಿಯಲ್ಲಿ ಬರೆದಿಡಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಹಳೆ ಫೋನ್ ಕೈಯಲ್ಲಿರುವಾಗಲೇ ಬದಲಿಸಿಕೊಳ್ಳಿ. ಸ್ಕ್ರೀನ್ ಲಾಕಿನ ಪಿನ್ ಅಥವಾ ಪ್ಯಾಟರ್ನ್ ಕೂಡ ಬರೆದಿಡಿ. ಗೂಗಲ್ ಬ್ಯಾಕಪ್ ಇಳಿಸುವಾಗ ಹಳೆ ಫೋನಿನ ಲಾಕ್ ಕೇಳುತ್ತದೆ. ವಾಟ್ಸಾಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ (ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಹಾಕುವ ಬೀಗ) ಆನ್ ಮಾಡಿ ಪಾಸ್‌ವರ್ಡನ್ನೋ 64 ಅಂಕಿಯ ಕೀಯನ್ನೋ ಇಟ್ಟಿದ್ದು, ಈಗ ಅದು ಕಳೆದುಹೋಗಿದ್ದರೆ ವಾಟ್ಸಾಪ್‌ನವರೂ ಗೂಗಲ್‌ನವರೂ ಏನೂ ಮಾಡಲಾರರು.

ಜಾಗವನ್ನೂ ನೋಡಿ. ಮೊದಲು ವಾಟ್ಸಾಪ್ ಬ್ಯಾಕಪ್ ಗೂಗಲ್‌ನ 15 ಜಿಬಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಈಗ ಸೇರುತ್ತದೆ. ಜಾಗ ತುಂಬಿದರೆ ಬ್ಯಾಕಪ್ ನಿಂತುಹೋಗಿರುತ್ತದೆ. ಐದು ತಿಂಗಳಿಗಿಂತ ಹೆಚ್ಚು ಕಾಲ ಹೊಸದಾಗಿ ಆಗದ ಬ್ಯಾಕಪ್ಪನ್ನು ತೆಗೆದುಹಾಕಲೂಬಹುದು. ವಾಟ್ಸಾಪ್‌ಗೆ ಬಂದ ಚಿತ್ರಗಳು ಗೂಗಲ್ ಫೋಟೋಸ್‌ನಲ್ಲಿ ಇದ್ದೇ ಇರುತ್ತವೆ ಅಂದುಕೊಳ್ಳಬೇಡಿ, ಆ ಫೋಲ್ಡರನ್ನು ನಾವೇ ಆನ್ ಮಾಡಿರಬೇಕು. ಚಿಕ್ಕಮ್ಮನ ಡಿಸೈನ್ ಫೋಟೋಗಳು ಹೋಗಿದ್ದು ಹಾಗೆ. ಯುಪಿಐ ಆ್ಯಪ್ ಕೂಡ ಐಕಾನ್ ಬಂತು ಅಂತ ಕೆಲಸ ಮಾಡುವುದಿಲ್ಲ, ಸಿಮ್‌ನಿಂದ ಎಸ್ಎಂಎಸ್ ಹೋಗಿ ಮತ್ತೆ ನೋಂದಣಿ ಆಗಬೇಕು.

ಚಿಕ್ಕಮ್ಮ ಅಳುತ್ತ ಕೂತಿದ್ದಾಗ ಇನ್ನೊಬ್ಬರು ‘ರಿಕವರಿ ಮಾಡಿಕೊಡ್ತೀವಿ, ಅರ್ಧ ದುಡ್ಡು ಮೊದಲು ಕೊಡಿ’ ಅಂತ ಬಂದರು. ದಯವಿಟ್ಟು ಕೊಡಬೇಡಿ. ಈಗಿನ ಫೋನ್‌ಗಳಲ್ಲಿ ಒಳಗಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಚ್ಚುವ ಕೀಯೇ ಅಳಿಸಿಹೋಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಫೈಲ್‌ಗಳು ಸಿಗುವುದಿಲ್ಲ.

ಸ್ವಲ್ಪವಾದರೂ ವಾಪಸ್ ಬಂದಿದ್ದು ಗಿರಾಕಿಗಳ ಕಡೆಯಿಂದ. ನಮ್ಮ ಫೋನಿನಲ್ಲಿ ಹೋದ ಚಾಟ್ ಎದುರಿನವರ ಫೋನಿನಲ್ಲಿ ಇರುತ್ತದಲ್ಲ. ತಂಗಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಅಳತೆಯ ಮೆಸೇಜನ್ನೂ ದುಡ್ಡು ಕಳಿಸಿದ ಸ್ಕ್ರೀನ್‌ಶಾಟನ್ನೂ ಮತ್ತೆ ಕಳಿಸಿ ಅಂತ ಕೇಳಿದಳು. ಬಹಳ ಜನ ಕಳಿಸಿದರು. ಚಾಟ್ ಡಿಲೀಟ್ ಮಾಡಿಕೊಂಡಿದ್ದ ಕೆಲವರಿಂದ ಅಳತೆಗೆ ಹಳೆ ಬ್ಲೌಸನ್ನೇ ತರಿಸಿಕೊಳ್ಳಬೇಕಾಯಿತು. ಹಬ್ಬಕ್ಕೆ ಕೊಡಲಾಗದ ಬ್ಲೌಸುಗಳ ಅಡ್ವಾನ್ಸನ್ನು ಚಿಕ್ಕಮ್ಮ ಹಿಂದಿರುಗಿಸಿದರು.

ಆನ್‌ಲೈನಿನಲ್ಲಿ ಎಕ್ಸ್‌ಚೇಂಜ್ ಮಾಡುವವರಿಗೂ ಇದೇ ಅಪಾಯ. ಫೋನ್ ತಂದವರು ಬಾಗಿಲಲ್ಲೇ ನಿಂತು ಹಳೆಯದನ್ನು ರೀಸೆಟ್ ಮಾಡಿ ಕೊಡಿ ಅನ್ನುತ್ತಾರೆ. ಎರಡೂ ಫೋನ್ ಕೈಯಲ್ಲಿ ಒಟ್ಟಿಗೆ ಇರುವ ಹಾಗಿದ್ದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ಸ್ ಒಳಗೆ ‘ಟ್ರಾನ್ಸ್‌ಫರ್ ಚಾಟ್ಸ್’ ಇದೆ, 2023ರಲ್ಲಿ ಬಂದಿದ್ದು. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಗೂಗಲ್ ಡ್ರೈವ್ ಸಹವಾಸವೇ ಇಲ್ಲದೆ ನೇರ ಹೋಗುತ್ತದೆ. ಐಫೋನಿಗೆ ಹೋಗುವವರು ಗೂಗಲ್ ಬ್ಯಾಕಪ್ ನಂಬಬೇಡಿ, ಅದು ಅಲ್ಲಿ ಇಳಿಯುವುದಿಲ್ಲ, ‘ಮೂವ್ ಟು ಐಓಎಸ್’ ಆ್ಯಪ್ ಬಳಸಬೇಕು. ಹೊಸ ಫೋನಿನಲ್ಲಿ ಹಳೆಯ ಒಂದು ಚಾಟ್ ತೆರೆದು, ಕಳೆದ ವರ್ಷದ ಫೋಟೋ ಒಂದು, ವಾಯ್ಸ್ ಮೆಸೇಜ್ ಒಂದು ಪ್ಲೇ ಆಗುವ ತನಕ ಹಳೆ ಫೋನ್ ಕೊಡಬೇಡಿ. ಅಷ್ಟು ಹೊತ್ತು ಕಾಯಲ್ಲ ಅಂದರೆ ಎಕ್ಸ್‌ಚೇಂಜ್ ದುಡ್ಡು ಬಿಟ್ಟು ಹಳೆ ಫೋನ್ ಮನೆಯಲ್ಲೇ ಇಟ್ಟುಕೊಳ್ಳಿ.